ಚಾರ್ಜರಿನ ಕಂಡಕ್ಟರಮ್ಮ

ಹೋದ ಭಾನುವಾರ ಮಗಳು ಮೇಘಾಳ ಕಾರಿನಲ್ಲಿ ರಾಬಿನ್ಸ್‌ವಿಲ್ ಕಡೆ ಹೊರಟಿದ್ದೆ. ನಾನು ಹಿಂದಿನ ಸೀಟಿನಲ್ಲಿ ಎಡಗಡೆ ಕೂತಿದ್ದೆ. ಒಂದು ಕ್ರಾಸಿನಲ್ಲಿ ಅವಳು ಕಾರು ನಿಲ್ಲಿಸಿ ಅತ್ತ ಇತ್ತ ನೋಡುತ್ತಿದ್ದಳು. ರಸ್ತೆ ಖಾಲಿಯಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ರೈಟ್" ಅಂದುಬಿಟ್ಟಿತು. ಅವಳು ತಕ್ಷಣ ಬಲಕ್ಕೆ ತಿರುಗಿಸಿದಳು. ಹೋಗಿ ನೋಡಿದರೆ ಯಾವುದೋ ಗೋದಾಮಿನ ಅಂಗಳ. ಎತ್ತ ನೋಡಿದರೂ ನಮಗೆ ಬೆನ್ನು ತೋರಿಸಿಕೊಂಡು ನಿಂತ ಟ್ರಕ್ಕುಗಳು.

"ಅಮ್ಮಾ, ಯು ಸೆಡ್ ರೈಟ್!"

"ಹೂಂ, ಅಂದೆ. ರೈಟ್ ಅಂದ್ರೆ ಹೋಗು ಅಂತ."

"ರೈಟ್ ಮೀನ್ಸ್ ರೈಟ್, ಅಮ್ಮಾ."

ಈ ಅಮೆರಿಕಾದಲ್ಲಿ ಹುಟ್ಟಿದ ಹುಡುಗಿಗೆ ಹೇಗೆ ತಿಳಿಸಿ ಹೇಳಲಿ? ನಮ್ಮ ಕಡೆ ರೈಟ್ ಎಂದರೆ ಬಲವೂ ಅಲ್ಲ, ಸರಿಯೂ ಅಲ್ಲ. ಅದು ಬಸ್ಸಿನ ಕಂಡಕ್ಟರು ಡ್ರೈವರಿಗೆ ಕೊಡುವ ಅಪ್ಪಣೆ. ಮುಂದೆ ಎಡಕ್ಕೇ ತಿರುಗಬೇಕಾದ ಬಸ್ಸಿಗೂ "ರೈಟ್ ರೈಟ್" ಎನ್ನುವುದೇ. ನಿಲ್ಲಬೇಕೆಂದರೆ "ಹೋಲ್ಡಾನ್". ಇಂಗ್ಲಿಷಿನವರು ಕೊಟ್ಟು ಹೋದ ಮಾತೇ ಇರಬಹುದು, ಆದರೆ ಈಗ ಅವರಿಗೇ ಅರ್ಥವಾಗದಷ್ಟು ಅದು ನಮ್ಮದಾಗಿದೆ.

ನಾನು ಹೈಸ್ಕೂಲಿಗೆ ತಿಪಟೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದವಳು. ಉಳಿದ ಹುಡುಗಿಯರು ಟೀಚರ್ ಆಗುತ್ತೇನೆ, ನರ್ಸ್ ಆಗುತ್ತೇನೆ ಅನ್ನುತ್ತಿದ್ದ ವಯಸ್ಸಿನಲ್ಲಿ ನನಗೆ ಇದ್ದದ್ದು ಒಂದೇ ಆಸೆ, ಒಂದು ಸಲವಾದರೂ ಬಾಯಿ ತುಂಬ "ರೈಟ್" ಅನ್ನಬೇಕು. ಆ ಒಂದು ಮಾತಿಗೆ ಅಷ್ಟು ದೊಡ್ಡ ಬಸ್ಸು ಮೈ ಕೊಡವಿಕೊಂಡು ಹೊರಡುತ್ತದಲ್ಲ! ಒಂದು ದಿನ ಕಂಡಕ್ಟರು ಬೀಡಿ ಹಚ್ಚಲು ಬೆಂಕಿಪೊಟ್ಟಣ ಕೇಳಿಕೊಂಡು ಗೂಡಂಗಡಿಗೆ ಇಳಿದಿದ್ದ. ನನಗೆ ತಡೆಯಲಾಗಲಿಲ್ಲ. ಮೂಗು ಹಿಡಿದುಕೊಂಡು, ಗಂಡು ದನಿ ಮಾಡಿ, "ರೈಟ್!" ಅಂದೆ. ಬಸ್ಸು ಹೊರಟೇಬಿಟ್ಟಿತು. ಹಿಂದೆ ಕಂಡಕ್ಟರು ಚೀಲ ಎದೆಗವಚಿಕೊಂಡು, ಬಾಯಲ್ಲಿ ಬೀಡಿ ಹಾಗೇ ಇಟ್ಟುಕೊಂಡು, ಓಡಿ ಬರುತ್ತಿದ್ದಾನೆ. ಕೆರೆ ಏರಿ ದಾಟಿದ ಮೇಲೆ ಡ್ರೈವರಿಗೆ ಗೊತ್ತಾಯಿತು. "ಯಾವನ್ಲಾ ಅದು ರೈಟ್ ಅಂದೋನು?" ಎಂದು ಕಂಡಕ್ಟರು ಏದುಸಿರು ಬಿಡುತ್ತ ಕೇಳಿದಾಗ ಇಡೀ ಬಸ್ಸು ನನ್ನ ಕಡೆ ನೋಡಿತು. ಮಾರನೆಯ ದಿನದಿಂದ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನಾನು ಆ ರೂಟಿನಲ್ಲಿ "ಕಂಡಕ್ಟರಮ್ಮ".

ಆ ಕೆಲಸ ನನಗೆ ನಿಜವಾಗಿ ಸಿಕ್ಕಿದ್ದು ಐವತ್ತು ದಾಟಿದ ಮೇಲೆ, ನ್ಯೂಜೆರ್ಸಿಯಲ್ಲಿ, ಆಸ್ಟ್ರೇಲಿಯಾದ ಒಂದು ಕಾರಿನಲ್ಲಿ. ನಗಬೇಡಿ, ಹೇಳುತ್ತೇನೆ.

ನಮ್ಮವರು ಮದುವೆಗೆ ಮುಂಚೆ ಕೆಲವು ವರ್ಷ ಅಡಿಲೇಡ್‌ನಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಅವರ ಬಾಡಿಗೆ ಮನೆಯ ಎದುರಿಗೆ ಒಂದು ಕಾರು ನಿಲ್ಲುತ್ತಿತ್ತಂತೆ. ಕಿತ್ತಳೆ ಬಣ್ಣ, ಎರಡೇ ಬಾಗಿಲು, ಮಾರುದ್ದದ ಮೂತಿ. ಹೆಸರು ಚಾರ್ಜರ್. ಅಮೆರಿಕಾದಲ್ಲೂ ಅದೇ ಹೆಸರಿನ ಕಾರಿದೆಯಂತೆ, ಆದರೆ ಇದು ಅದಲ್ಲವಂತೆ. ಇದು ಆಸ್ಟ್ರೇಲಿಯಾದಲ್ಲೇ, ಆ ಊರಲ್ಲೇ ತಯಾರಾದದ್ದು, ಈಗ ಅಲ್ಲೇ ಅಪರೂಪ. ಈ "ಅಂತೆ"ಗಳನ್ನೆಲ್ಲ ನಾನು ಮದುವೆಯಾದ ವಾರದಿಂದ ಕೇಳುತ್ತ ಬಂದಿದ್ದೇನೆ. ಬೇರೆ ಗಂಡಸರಿಗೆ ಕಾಲೇಜಿನಲ್ಲಿ ಕೈತಪ್ಪಿದ ಹುಡುಗಿಯ ನೆನಪಿರುತ್ತದೆ. ನನ್ನ ಅದೃಷ್ಟಕ್ಕೆ ಇವರಿಗೆ ಇದು.

ಪ್ರಿನ್ಸ್‌ಟನ್ ಹತ್ತಿರದ ಔಷಧಿ ಕಂಪನಿಯಿಂದ ರಿಟೈರ್ ಆದ ವರ್ಷವೇ ಪೆನ್ಸಿಲ್ವೇನಿಯಾದಲ್ಲಿ ಯಾರೋ ಅಂಥದ್ದೊಂದನ್ನು ಮಾರುತ್ತಿದ್ದಾರೆ ಎಂದು ಪತ್ತೆ ಹಚ್ಚಿದರು. ನಾನು ಗೆಳತಿ ಪದ್ಮಳಿಗೆ ಫೋನಿನಲ್ಲಿ ದುಃಖ ತೋಡಿಕೊಂಡೆ. "ನಮ್ಮನೆಯವ್ರು ಚಾರ್ಜರ್ ತಗೊಂಡ್ರು ಕಣೇ."

"ಅಯ್ಯೋ, ಅದಕ್ಯಾಕೆ ಅಳ್ತೀಯ? ನಮ್ಮನೇಲಿ ತಿಂಗಳಿಗೆ ಎರಡು ಕಳೆದುಹೋಗುತ್ತೆ. ನಾನು ಒಂದು ಡಜನ್ ಆರ್ಡರ್ ಮಾಡಿ ಇಟ್ಕೊಂಡಿದೀನಿ."

ಡಜನ್ನು! ಒಂದಕ್ಕೇ ನಮ್ಮ ಗರಾಜು ಸಾಲದೆ ನನ್ನ ಒನಕೆ, ರುಬ್ಬುವ ಕಲ್ಲು, ಉಪ್ಪಿನಕಾಯಿ ಜಾಡಿ ಎಲ್ಲ ಬೇಸ್‌ಮೆಂಟಿಗೆ ಗುಳೆ ಹೋದವು. ಇಂಥದ್ದನ್ನು ಮಸಲ್ ಕಾರು ಅನ್ನುತ್ತಾರಂತೆ. ಕಾರಿಗೆ ಮಸಲ್ ಇತ್ತು, ನಿಜ. ಅದರ ಸ್ಟೇರಿಂಗ್ ತಿರುಗಿಸಿ ಬಂದ ದಿನ ಇವರ ಭುಜಕ್ಕೆ ಮುಲಾಮು ತಿಕ್ಕುವ ಮಸಲ್ ಮಾತ್ರ ನನ್ನದು.

ಆ ಸ್ಟೇರಿಂಗ್ ಇದ್ದದ್ದು ಬಲಗಡೆ, ನಮ್ಮ ಊರಿನ ಗಾಡಿಗಳ ಹಾಗೆ. ಎಲ್ಲ ತಮಾಷೆಯೂ, ಎಲ್ಲ ಸಂಕಟವೂ ಶುರುವಾದದ್ದು ಅಲ್ಲಿಂದಲೇ. ಪೂಜೆಗೆ ತೆಗೆದುಕೊಂಡು ಹೋದಾಗ ಪುರೋಹಿತರು ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅಭ್ಯಾಸಬಲದಿಂದ ಎಡಗಡೆ ಬಂದು, ನನಗೆ ಆರತಿ ಬೆಳಗಿ, "ನಿಧಾನಕ್ಕೆ ಮುಂದೆ ತಗೊಳ್ಳಿ" ಅಂದರು. ನಾನು ಏನನ್ನು ಮುಂದೆ ತಗೊಳ್ಳಲಿ, ನನ್ನ ಮುಂದೆ ಇದ್ದದ್ದು ವ್ಯಾನಿಟಿ ಬ್ಯಾಗು. ಆಮೇಲೆ ಅವರೇ ನೋಡಿ ಖುಷಿಪಟ್ಟರು. "ಪತ್ನಿ ವಾಮಭಾಗದಲ್ಲಿ ಕೂರ್ಬೇಕು ಅಂತ ಶಾಸ್ತ್ರ ಇದೆ. ಈ ದೇಶದಲ್ಲಿ ಇಷ್ಟು ವರ್ಷದಲ್ಲಿ ಶಾಸ್ತ್ರೋಕ್ತವಾದ ಕಾರು ನಾನು ನೋಡಿದ್ದು ಇದೊಂದೇ." ನಮ್ಮವರು ಆ ಸರ್ಟಿಫಿಕೇಟನ್ನು ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ನ್ಯೂಜೆರ್ಸಿಯಲ್ಲಿ ಗ್ಯಾಸ್, ಅಂದರೆ ಪೆಟ್ರೋಲು, ನಾವೇ ಹಾಕಿಕೊಳ್ಳುವ ಹಾಗಿಲ್ಲ, ಹಾಕುವವರೇ ಬರಬೇಕು. ಬಂದವನು ನೇರ ನನ್ನ ಕಿಟಕಿಗೆ ಬರುತ್ತಿದ್ದ, ಕಾರ್ಡು ಕೇಳುತ್ತಿದ್ದ, ಆಮೇಲೆ ನನ್ನ ಮುಂದೆ ಸ್ಟೇರಿಂಗೇ ಇಲ್ಲದ್ದು ನೋಡಿ ಹೌಹಾರುತ್ತಿದ್ದ. ಕಾಫಿ ಡ್ರೈವ್-ಥ್ರೂನಲ್ಲಿ ಆರ್ಡರ್ ಹೇಳುವವಳು ನಾನು. ಒಮ್ಮೆ ಪೊಲೀಸಿನವನೊಬ್ಬ ನಿಲ್ಲಿಸಿ, ನನ್ನ ಕಿಟಕಿಗೆ ಬಗ್ಗಿ, ಲೈಸೆನ್ಸ್ ಕೇಳಿದ. "ಐ ಆ್ಯಮ್ ನಾಟ್ ಡ್ರೈವಿಂಗ್, ಆಫೀಸರ್" ಅಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿ, "ದೆನ್ ಹೂ ಈಸ್?" ಎಂದ. ನಮ್ಮವರು ಆ ಕಡೆಯಿಂದ ಕೈ ಎತ್ತಿದರು. ಅವನು ಬಾನೆಟ್ ತೆಗೆಸಿ ಇಂಜಿನ್ ನೋಡಿ, ಫೋಟೋ ತೆಗೆದುಕೊಂಡು, ಯಾಕೆ ನಿಲ್ಲಿಸಿದೆ ಎನ್ನುವುದನ್ನೇ ಮರೆತು ಹೋದ. ಹೀಗೆ ಯಾರು ಬಂದರೂ ನನ್ನ ಹತ್ತಿರವೇ ಬರುತ್ತಿದ್ದರಿಂದ, ಕಾರು ಅವರದಾದರೂ ಜಂಭ ನನಗೂ ಸ್ವಲ್ಪ ಹತ್ತಿತು ಅನ್ನಿ.

ತೊಂದರೆ ಇದ್ದದ್ದು ಹಳ್ಳಿ ಕಡೆಯ ರಸ್ತೆಯಲ್ಲಿ. ಪ್ರಿನ್ಸ್‌ಟನ್ ಬಿಟ್ಟು ಪಶ್ಚಿಮಕ್ಕೆ ಹೋದರೆ ಎರಡೇ ಲೇನಿನ ರಸ್ತೆಗಳು, ಮುಂದೆ ಯಾವಾಗಲೂ ಒಂದು ಟ್ರ್ಯಾಕ್ಟರು. ಇಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಓವರ್‌ಟೇಕ್ ಮಾಡಬೇಕೆಂದರೆ ಎಡಕ್ಕೆ ಹೊರಬರಬೇಕು. ಬಲಗಡೆ ಕೂತವರಿಗೆ ಎದುರಿನಿಂದ ಏನು ಬರುತ್ತಿದೆ ಎಂದು ಕಾಣುವುದೇ ಇಲ್ಲ. ಕಾಣುವುದು ಎಡಗಡೆಯವಳಿಗೆ ಮಾತ್ರ.

"ಹೋಗ್ಲಾ?" ಅಂತ ಅವರು. ನಾನು ನೋಡಿ, "ದೂರದಲ್ಲಿ ಏನೋ ಬರ್ತಿರೋ ಹಾಗಿದೆ, ಬಿಳೀದು, ವ್ಯಾನ್ ಇರ್ಬೇಕು, ಅಲ್ಲ, ಅದು ನಿಂತಿರೋದು ಅನ್ಸುತ್ತೆ..." ಎಂದು ವರದಿ ಒಪ್ಪಿಸುವಷ್ಟರಲ್ಲಿ ವ್ಯಾನು ನಮ್ಮ ಪಕ್ಕದಲ್ಲೇ ಭರ್‍ರನೆ ಹೋಗುತ್ತಿತ್ತು.

"ನಿನ್ನ ಬಾಯಿ ಬೊಂಬಾಯಿ ಕಣೇ. ನಂಗೆ ಪುರಾಣ ಬೇಡ. ಎರಡೇ ಮಾತು ಹೇಳು. ರೈಟ್, ಇಲ್ಲಾ ಹೋಲ್ಡಾನ್."

ಅವತ್ತಿನಿಂದ ನಾನು ಚಾರ್ಜರಿನ ಕಂಡಕ್ಟರಮ್ಮ. ಕತ್ತು ಹೊರಗೆ ಹಾಕಿ ನೋಡುವುದು, "ರೈಟ್" ಅನ್ನುವುದು. ಆ ಮಾತಿನ ಕೊನೆಯ ಅಕ್ಷರ ನನ್ನ ಬಾಯಿಂದ ಹೊರಬೀಳುವ ಮುಂಚೆಯೇ ಅವರ ಕಾಲು ಒತ್ತಿರುತ್ತಿತ್ತು. ಇಂಜಿನ್ ಗುಡುಗಿ, ಬೆನ್ನು ಸೀಟಿಗೆ ಅಂಟಿಕೊಂಡು, ಟ್ರ್ಯಾಕ್ಟರು ಹಿಂದೆ ಬಿದ್ದಿರುತ್ತಿತ್ತು. ಅವರು ಒಂದು ಸಲವೂ ಇಣುಕಿ ನೋಡಿದವರಲ್ಲ. "ಸರಿಯಾಗಿ ನೋಡಿದ್ಯಾ?" ಎಂದು ಒಂದು ಸಲವೂ ಕೇಳಿದವರಲ್ಲ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ದಿನಾ ಎರಡೆರಡು ಸಲ ಕೇಳುವ ಮನುಷ್ಯ, ನೋಡಿ.

ಒಮ್ಮೆ ಅವರ ಅಕ್ಕನ ವಿಷಯಕ್ಕೆ ನಮಗೆ ಜೋರು ಜಗಳವಾಗಿ ಮಾತು ಬಿಟ್ಟಿದ್ದೆವು. ಆದರೆ ಡೆಲವೇರ್ ನದಿಯ ಆಚೆ ಒಂದು ಹಳೇ ಕಾರುಗಳ ಮೇಳಕ್ಕೆ ಹೋಗುವುದು ಮೊದಲೇ ಗೊತ್ತಾಗಿತ್ತು. ಮುಖ ಊದಿಸಿಕೊಂಡೇ ಕೂತೆ. ದಾರಿಯುದ್ದಕ್ಕೂ ನನ್ನಿಂದ ಹೊರಟದ್ದು "ರೈಟ್", "ಹೋಲ್ಡಾನ್", "ರೈಟ್". ಅಷ್ಟು ಕೋಪವಿದ್ದರೂ ಅವರು ನನ್ನ ಮಾತಿನ ಮೇಲೆ ಕಣ್ಣು ಮುಚ್ಚಿ ಎದುರಿನ ಲೇನಿಗೆ ನುಗ್ಗುತ್ತಿದ್ದರು. ಮೇಳದ ಜಾಗ ತಲುಪಿ ಕಾರು ಆಫ್ ಮಾಡಿ ಅಂದರು, "ಮದ್ವೆ ಆದಾಗಿಂದ ನಾವಿಬ್ರು ಇಷ್ಟು ಚೆನ್ನಾಗಿ ಮಾತಾಡ್ಕೊಂಡೇ ಇರ್ಲಿಲ್ಲ." ನನಗೆ ನಗು ಬಂದು ಕೆಟ್ಟೆ. ಜಗಳ ಅಲ್ಲಿಗೆ ಮುಗಿಯಿತು.

ಸವತಿ ಎಂದು ಬೈದುಕೊಳ್ಳುತ್ತಿದ್ದ ಕಾರನ್ನು ನಾನು ಯಾವಾಗ ಹಚ್ಚಿಕೊಂಡೆನೋ ಗೊತ್ತಿಲ್ಲ. ಶನಿವಾರ ಬಂತೆಂದರೆ ನಾನೇ ಫ್ಲಾಸ್ಕಿಗೆ ಕಾಫಿ ತುಂಬಿ, ಚಿತ್ರಾನ್ನ ಕಲೆಸಿ, "ಇವತ್ತು ಗಾಡಿ ತೆಗಿಯಲ್ವಾ?" ಎಂದು ಕೇಳುವ ಮಟ್ಟಕ್ಕೆ ಬಂದಿದ್ದೆ.

ಆಮೇಲೆ ಅವರ ಕಣ್ಣು ಕೆಟ್ಟಿತು. ಮೊದಲು ಓದುವಾಗ ಸಾಲಿನ ಮಧ್ಯೆ ಒಂದಕ್ಷರ ಇಲ್ಲ ಅನ್ನುತ್ತಿದ್ದರು. ಕನ್ನಡಕ ಬದಲಾಯಿಸಿದರು, ದೀಪ ಬದಲಾಯಿಸಿದರು. ಕೊನೆಗೆ ಡಾಕ್ಟರು ಹೇಳಿದರು, ನೋಟದ ನಡುಮಧ್ಯದಲ್ಲಿ ಮಸುಕು ಕೂತಿದೆ, ಸುತ್ತಲಿನ ಅಂಚು ಮಾತ್ರ ಚೆನ್ನಾಗಿದೆ, ಇನ್ನು ಡ್ರೈವ್ ಮಾಡಬಾರದು. ಈಗ ಅವರು ಯಾರ ಮುಖವನ್ನಾದರೂ ನೋಡಬೇಕೆಂದರೆ ಅವರ ಕಿವಿಯನ್ನು ನೋಡುತ್ತಾರೆ. ಆಗ ಮೂಗು ಬಾಯಿ ಒಂದಿಷ್ಟು ಕಾಣುತ್ತದಂತೆ.

ಕಾರಿನ ಮಾತು ನಾನಾಗಿ ಎತ್ತಲಿಲ್ಲ. ಅವರೇ ಒಂದು ಬೆಳಿಗ್ಗೆ ದೋಸೆ ತಿನ್ನುತ್ತ ಅಂದರು, "ನೀನು ಓಡ್ಸು. ನಾನು ಕಂಡಕ್ಟ್ರು."

"ನಾನಾ? ಆ ಆನೇನಾ?"

"ಅಂಚಿಂದ ಚೆನ್ನಾಗೇ ಕಾಣ್ಸುತ್ತೆ ನಂಗೆ. ಎಡಗಡೆ ಕೂತು ನೋಡೋಕೆ ಅಂಚೇ ತಾನೆ ಬೇಕಾಗಿರೋದು?"

ಅವರ ಮುಖ ನೋಡಿ ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಭಾನುವಾರಗಳಲ್ಲಿ ಒಂದು ಆಫೀಸಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪಾಠ ಶುರುವಾಯಿತು. ಇಷ್ಟು ವರ್ಷ ಆಟೋಮ್ಯಾಟಿಕ್ ಓಡಿಸಿದ ಕೈ, ಗೇರಿಗೆಂದು ಬಲಕ್ಕೆ ಹೋಗಿ ಕಿಟಕಿಯ ಹಿಡಿ ತಿರುವುತ್ತಿತ್ತು. ಗೇರು ಬದಲಾಗುವ ಬದಲು ಗಾಜು ಇಳಿಯುತ್ತಿತ್ತು. ನವೆಂಬರಿನ ಚಳಿ ಬೇರೆ. "ಗಾಳಿ ಸಾಕು ಮಾರಾಯ್ತಿ, ಗೇರು ಹಾಕು" ಎಂದು ಅವರು ಮಫ್ಲರ್ ಸುತ್ತಿಕೊಂಡು ನಗುತ್ತಿದ್ದರು. ಮೇಘಾ ಒಂದು ದಿನ ನೋಡಲು ಬಂದು, "ಅಪ್ಪಾ, ದಿಸ್ ಈಸ್ ಇನ್ಸೇನ್" ಎಂದಳು. "ಆರ್ ಯು ಗೋಯಿಂಗ್ ಟು ಟೇಕ್ ಹರ್ ಆನ್ ಅ ರಿಯಲ್ ರೋಡ್?"

"ಅವಳು ನನ್ನನ್ನ ಕರ್ಕೊಂಡ್ ಹೋಗೋದು ಕಣಮ್ಮ. ನಾನು ಬರೀ ದಾರಿ ನೋಡೋನು" ಎಂದರು. ಎಷ್ಟೋ ತಿಂಗಳ ಮೇಲೆ ಅವರು ಅಷ್ಟು ಹಗುರವಾಗಿ ಮಾತಾಡಿದ್ದು ನಾನು ಕೇಳಿದ್ದು ಅವತ್ತೇ.

ಮುಂದಿನ ವಸಂತದಲ್ಲಿ ರಸ್ತೆಗಿಳಿದೆವು. ಬಿಸಿಲಿತ್ತು. ಅವರು ತಮ್ಮ ಕಿಟಕಿ ಪೂರಾ ಇಳಿಸಿ, ಮೊಣಕೈ ಹೊರಗೆ ಚಾಚಿ, ರಾಜನ ಹಾಗೆ ಕೂತಿದ್ದರು. ಸ್ವಲ್ಪ ದೂರಕ್ಕೆ, ಎಂದಿನಂತೆ, ಮುಂದೆ ಒಂದು ಟ್ರ್ಯಾಕ್ಟರು ಸಿಕ್ಕಿತು. ಹುಲ್ಲಿನ ಹೊರೆ ಹೇರಿಕೊಂಡು ಬಸವನಹುಳದ ಹಾಗೆ ಹೋಗುತ್ತಿತ್ತು. ನನಗೆ ಕಾಣುತ್ತಿದ್ದದ್ದು ಹುಲ್ಲು ಮಾತ್ರ.

ಅವರು ಕತ್ತು ಹೊರಗೆ ಹಾಕಿದರು. ತಲೆಯನ್ನು ಒಂದಿಷ್ಟು ಓರೆ ಮಾಡಿ ನೋಡಿದರು. ಕಿವಿಯನ್ನೂ ಕೊಟ್ಟರು ಅನ್ನಿಸುತ್ತದೆ. ನಿಧಾನವಾಗಿಯೇ ನೋಡಿದರು. ಆಮೇಲೆ ಅಂದರು, "ರೈಟ್."

ನನ್ನ ಕಾಲು ಒತ್ತಲಿಲ್ಲ.

"ರೈಟ್ ಕಣೇ. ರೈಟ್ ರೈಟ್."

ಒತ್ತಬೇಕೆಂದುಕೊಂಡೆ. ದೇವರಾಣೆ ಅಂದುಕೊಂಡೆ. ಕಾಲು ಅಲ್ಲೇ ಇತ್ತು, ಪಾದಕ್ಕೆ ಪೆಡಲೂ ತಾಗುತ್ತಿತ್ತು. ಆದರೆ ಆಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ಗೇರು ಬೀಳ್ತಾ ಇಲ್ಲ ರೀ" ಅಂದೆ. ಬೇರೆ ಯಾರಿಗೆ ಬೇಕಾದರೂ ಹೇಳಬಹುದಾದ ಸುಳ್ಳು ಅದು. ಪಕ್ಕದ ಬೀದಿಯಲ್ಲಿ ಹೋಗುವ ಇಂಜಿನ್ನಿನ ಸದ್ದು ಕೇಳಿ ಯಾವ ಗೇರು ಎನ್ನುವ ಮನುಷ್ಯನಿಗೆ, ಅದೂ ಅವರದೇ ಕಾರಿನಲ್ಲಿ ಕೂತು, ಹೇಳಿದೆ.

ಅವರು ಕತ್ತು ಒಳಗೆ ತೆಗೆದುಕೊಂಡರು. ಟ್ರ್ಯಾಕ್ಟರು ಮುಂದೆ ಒಂದು ಹೊಲಕ್ಕೆ ತಿರುಗಿಕೊಂಡಿತು. ಆಗ ನನಗೆ ರಸ್ತೆ ಕಂಡಿತು. ದಿಬ್ಬದ ತನಕ ಒಂದು ಗಾಡಿ ಇರಲಿಲ್ಲ, ಒಂದು ಸೈಕಲ್ಲು ಇರಲಿಲ್ಲ, ಒಂದು ನಾಯಿಯೂ ಇರಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಅದು ಅವರಿಗೂ ತಿಳಿಯಿತು. ತೆರೆದ ಕಿಟಕಿಯ ಪಕ್ಕ ಕೂತಿದ್ದರು, ಅಷ್ಟು ಹೊತ್ತಿಗೂ ಎದುರಿನಿಂದ ಏನೂ ಹಾದುಹೋಗಿರಲಿಲ್ಲವಲ್ಲ. ಅವರು ಹಿಡಿ ತಿರುವಿ ಗಾಜು ಏರಿಸಿಕೊಂಡರು.

ಗರಾಜಿನಲ್ಲಿ ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತು, "ಕೊಟ್ಟುಬಿಡೋಣ ಕಣೇ" ಅಂದರು.

"ಯಾಕ್ರೀ, ಇನ್ನೊಂದು ಸಲ ಹೋಗೋಣ. ಮೊದಲನೇ ಸಲ ಅಲ್ವಾ, ನಂಗೆ ಭಯ ಆಯ್ತು" ಅಂದೆ.

"ಗಾಡೀದಲ್ಲ ಭಯ" ಅಂದರು. ಅಷ್ಟೇ ಅಂದರು.

ಪದ್ಮಳಿಗೆ ಹೇಳಿದರೆ, "ಸರಿಯಾಗೇ ಮಾಡಿದ್ದೀಯ ಬಿಡೇ, ಪ್ರಾಣ ಹೋಗೋ ವಿಷ್ಯ" ಅಂದಳು. ಮೇಘಾ ಅಂದಳು, ಡಾಕ್ಟರೂ ಅದನ್ನೇ ಅನ್ನುತ್ತಾರೆ. ಎಲ್ಲರ ಮಾತೂ ಸರಿ. ನಾನು ಮಾಡಿದ್ದು ತಪ್ಪಲ್ಲ, ಅದೇ ನನ್ನ ಸಂಕಟ. ತಪ್ಪಾಗಿದ್ದರೆ ಒಂದು ದಿನ ಅತ್ತು, ಕ್ಷಮೆ ಕೇಳಿ, ಮುಗಿಸಬಹುದಿತ್ತು. ಇದಕ್ಕೆ ಏನೆಂದು ಕೇಳಲಿ? ನಿಮ್ಮನ್ನು ನಂಬದೆ ಇದ್ದದ್ದು ಸರಿಯಾಗಿತ್ತು, ಕ್ಷಮಿಸಿ ಅನ್ನಲೇ? ನಾನು ಬೆಳ್ಳಗಿದ್ದದ್ದೆಲ್ಲ ವ್ಯಾನೋ ಬೇಲಿಯೋ ಎಂದು ಗೊತ್ತಾಗದೆ ತಡವರಿಸುತ್ತಿದ್ದ ಕಾಲದಲ್ಲೂ ಅವರು ನನ್ನ ಒಂದು ಮಾತಿಗೆ ಪ್ರಾಣ ಒಡ್ಡಿದ್ದರು. ಅವರ ಒಂದು ಮಾತಿಗೆ ನಾನು ಒಡ್ಡಲಾರದೆ ಹೋದೆ. ಲೆಕ್ಕ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ.

ಕಾರು ಮಾರಿಸ್‌ಟೌನ್‌ನ ಒಬ್ಬರಿಗೆ ಹೋಯಿತು. ಒಳ್ಳೆಯ ಮನುಷ್ಯ, ಕಾರನ್ನು ಹಸುವಿನ ಹಾಗೆ ಸವರಿ ನೋಡಿದ. ಎದುರಿನ ಗಾಡಿ ಕಾಣದಿರುವ ತೊಂದರೆ ಹೇಳಿದಾಗ, ಎಡಗಡೆಯ ಕನ್ನಡಿಗೆ ಒಂದು ಪುಟ್ಟ ಕ್ಯಾಮೆರಾ ಹಾಕಿಸಿ, ಸ್ಟೇರಿಂಗ್ ಪಕ್ಕ ಸ್ಕ್ರೀನ್ ಇಟ್ಟುಕೊಳ್ಳುತ್ತೇನೆ ಅಂದ. "ಪಕ್ಕದಲ್ಲಿ ಯಾರೂ ಬೇಕಾಗೋದೇ ಇಲ್ಲ" ಎಂದು ಸಮಾಧಾನ ಹೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದ. ನಮ್ಮವರು "ಗುಡ್ ಐಡಿಯಾ" ಅಂದರು. ಕಾರು ಬೀದಿ ತಿರುಗಿದ ಮೇಲೂ ಸದ್ದು ಪೂರ್ತಿ ಅಡಗುವ ತನಕ ಡ್ರೈವ್‌ವೇಯಲ್ಲೇ ನಿಂತಿದ್ದರು.

ಈಗ ಮನೆಯ ಸಾಧಾರಣ ಕಾರನ್ನು ನಾನು ಓಡಿಸುತ್ತೇನೆ. ಅವರು ಬಲಗಡೆ ಕೂತು ರೇಡಿಯೋ ಕೇಳುತ್ತಾರೆ. ಸಿಗ್ನಲ್ಲಿನಲ್ಲಿ, ಕ್ರಾಸಿನಲ್ಲಿ, ಎಲ್ಲೂ ಮಾತಿಲ್ಲ. ನನ್ನ ಡ್ರೈವಿಂಗ್ ಬಗ್ಗೆ ಹಿಂದೆ ಇದ್ದ ಕೊಂಕೂ ಇಲ್ಲ. ಒಂದು ಕೊಂಕಾದರೂ ಬರಲಿ ಎಂದು ನಾನೇ ಬೇಕೆಂದು ಜೋರಾಗಿ ಬ್ರೇಕ್ ಹಾಕುತ್ತೇನೆ. ಅವರು ಡ್ಯಾಶ್‌ಬೋರ್ಡಿಗೆ ಕೈಯೂರಿ ಸಾವರಿಸಿಕೊಂಡು ಮತ್ತೆ ರೇಡಿಯೋಗೆ ಕಿವಿ ಕೊಡುತ್ತಾರೆ.

ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ವಾಪಸು ಬರುತ್ತಿದ್ದೆವು. ಮನೆಗೆ ಮುಂಚಿನ ಸ್ಟಾಪ್ ಸೈನಿನಲ್ಲಿ ನಿಲ್ಲಿಸಿದೆ. ಬಲಗಡೆಯ ರಸ್ತೆ ಖಾಲಿಯಿತ್ತು, ನನಗೇ ಚೆನ್ನಾಗಿ ಕಾಣುತ್ತಿತ್ತು. ಆದರೂ ಕೇಳಿದೆ. "ಆ ಕಡೆ ಸ್ವಲ್ಪ ನೋಡ್ರೀ. ಏನಾದ್ರೂ ಬರ್ತಾ ಇದೆಯಾ?"

ಅವರು ಕಿಟಕಿಯ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದರು. ನನ್ನ ಕಿವಿಯನ್ನು ನೋಡಿದರು, ಅಂದರೆ ನನ್ನ ಮುಖವನ್ನು ನೋಡಿದರು.

"ನಿಂಗೆ ಕಾಣ್ಸುತ್ತಲ್ಲ ಕಣೇ" ಅಂದರು, "ನೀನೇ ನೋಡ್ಕೊಂಡು ಹೋಗು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ. ನಾನೇ ನೋಡಿಕೊಂಡು ಹೋದೆ.